ಸರಿಯಜ್ಜನ ಎರಡನೇ ಸರಿ

ನಮ್ಮ ಬೀದಿಯಲ್ಲಿ ನನ್ನ ಮಾವನಿಗೆ, ಅಂದರೆ ನನ್ನ ಗಂಡನ ಅಪ್ಪನಿಗೆ, ಸರಿಯಜ್ಜ ಎಂದೇ ಹೆಸರು. ಅವರ ನಿಜವಾದ ಹೆಸರು ಅಂಚೆಯವನಿಗಾದರೂ ನೆನಪಿದೆಯೋ ಇಲ್ಲವೋ. ಗಿರಾಕಿ ಬಂದು ನಾಳೆಯೇ ಬೇಕು ಎಂದರೆ ಸರಿ. ಇಲ್ಲ, ಬರುವ ವಾರ ಬರುತ್ತೇನೆ ಎಂದರೆ ಅದಕ್ಕೂ ಸರಿ. ಹಿಮ್ಮಡಿ ಎತ್ತರಿಸಿ ಎಂದರೂ ಸರಿ, ಮೊದಲಿನಂತೆ ಇಳಿಸಿ ಎಂದರೂ ಸರಿ. ಕಾಲು ನೋವು ಎಂದು ಹೊಸ್ತಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು ಎಂಬುದು ಅವರು ಐವತ್ತು ವರ್ಷ ನಡೆಸಿಕೊಂಡು ಬಂದ ಮಾತು. ಒಳ್ಳೆಯ ಮಾತೇ. ಆದರೆ ಅದೇ ಮಾತು ಒಂದು ಮಧ್ಯಾಹ್ನ ನಮ್ಮ ಮನೆಯನ್ನು ಗುಡಿಸಿ ಗುಂಡಾಂತರ ಮಾಡುವುದರಲ್ಲಿತ್ತು.

ನಾವು ಶೂ ಹೊಲಿಯುವವರು. ಅಂಗಡಿಯ ಶೂ ಹಿಡಿಯದ ಕಾಲುಗಳಿಗೆ ಮಾತ್ರ. ಒಂದು ಕಾಲು ಗಿಡ್ಡ ಇರುವವರು, ಬೆರಳು ಕಳೆದುಕೊಂಡವರು, ಪಾದ ಒಳಕ್ಕೆ ತಿರುಗಿದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋದವರು ನಮ್ಮಲ್ಲಿಗೆ ಬರುತ್ತಾರೆ. ಈ ಕೊನೆಯವರ ಕಷ್ಟ ಬೇರೆ. ಶೂ ಕಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯವಾಗಿರುತ್ತದೆ. ಗಾಯ ಮಾಯದೆ ಬೆರಳು ಹೋದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅದಕ್ಕೇ ಮಾವ ಪ್ರತಿಯೊಬ್ಬರ ಪಾದವನ್ನೂ ಕಾಗದದ ಮೇಲೆ ಇಟ್ಟು, ಸುತ್ತ ಪೆನ್ಸಿಲ್ ಓಡಿಸಿ, ಬೆರಳಿನಿಂದ ಒತ್ತಿ ನೋಡಿ, ಅಲ್ಲಲ್ಲಿ ಬರೆದಿಡುತ್ತಿದ್ದರು. ‘ಇಲ್ಲಿ ಮೆತ್ತೆ ದಪ್ಪ.’ ‘ಇಲ್ಲಿ ಹೊಲಿಗೆ ಬೇಡ.’ ‘ಕಿರುಬೆರಳ ಬುಡಕ್ಕೆ ನೂಲಿನಷ್ಟು ಜಾಗ ಬಿಡು.’ ಹೀಗೆ ಮುನ್ನೂರ ಹನ್ನೆರಡು ಜನರ ಪಾದಗಳು. ಗೋಡೆಯ ತೇವಕ್ಕೆ ಆ ಕಾಗದಗಳು ಬೂಷ್ಟು ಹಿಡಿದು ಪುಡಿಯಾಗತೊಡಗಿದಾಗ ನಾನು ಎರಡು ತಿಂಗಳು ಕೂತು ಒಂದೊಂದನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದೆ. ಕಾಗದಗಳನ್ನು ಎಸೆದೆವು. ಮರುವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. ಪೆನ್ಸಿಲ್ ಹಿಡಿದರೆ ಗೆರೆ ಅಂಕುಡೊಂಕು. ಅಂದಮೇಲೆ ಆ ಮುನ್ನೂರ ಹನ್ನೆರಡು ಪಾದಗಳು ಈ ಲೋಕದಲ್ಲಿ ಇದ್ದದ್ದು ಒಂದೇ ಕಡೆ, ನಮ್ಮ ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ. ಇನ್ನೊಂದು ಪ್ರತಿ ಮಾಡಿಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಬುದ್ಧಿವಂತಿಕೆ ನನ್ನದೂ ಅಷ್ಟರಲ್ಲೇ ಇತ್ತು.

ಆ ಮಧ್ಯಾಹ್ನ ನಾನು ಅಂಟು ತರಲು ಹೋಗಿದ್ದೆ. ನನ್ನ ಗಂಡ ಮುಂದಿನ ಕೋಣೆಯಲ್ಲಿ ಶೂವಿನ ಅಡಿಯ ಅಟ್ಟೆ ಹೊಲಿಯುತ್ತಿದ್ದರು. ಮಾವ ಕಂಪ್ಯೂಟರಿನಲ್ಲಿ ಯಾವುದೋ ಬಕಲಿನ ಚಿತ್ರ ಹುಡುಕುತ್ತಿದ್ದಾಗ ಪರದೆಯ ನಡುವೆ ಕೆಂಪು ಪೆಟ್ಟಿಗೆಯೊಂದು ಎದ್ದಿತಂತೆ. ‘ನಿಮ್ಮ ಕಂಪ್ಯೂಟರಿನಲ್ಲಿ ಹದಿನೇಳು ವೈರಸ್‌ಗಳಿವೆ. ಕೂಡಲೇ ರಕ್ಷಣೆ ಪಡೆಯಲು ಸರಿ ಒತ್ತಿ.’ ಮಾವ ಸರಿ ಒತ್ತಿದರು. ಅದು ಮತ್ತೆ ಕೇಳಿತು, ಬದಲಾವಣೆ ಮಾಡಲು ಅನುಮತಿ ಇದೆಯೇ ಎಂದು. ಇಷ್ಟು ಮರ್ಯಾದೆಯಿಂದ ಕೇಳುವವರಿಗೆ ಇಲ್ಲ ಅನ್ನುವುದು ಹೇಗೆ? ಅದಕ್ಕೂ ಸರಿ ಒತ್ತಿದರು.

ರಕ್ಷಣೆ ಕೊಡುತ್ತೇನೆ ಎಂದು ಬಂದದ್ದೇ ಕಳ್ಳ ಪ್ರೋಗ್ರಾಮು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ನಾನು ಅಂಟಿನ ಡಬ್ಬ ಹಿಡಿದು ಒಳಗೆ ಬಂದಾಗ ಪಾದಗಳ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಬದಲಾಗುತ್ತಿದ್ದವು. ಓದಲಾಗದ ಅಕ್ಷರಗಳು. ಮಾವ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು. ನನಗೆ ಏನು ತೋಚಿತೋ, ಡಬ್ಬ ಬಿಸಾಡಿ ಇಂಟರ್ನೆಟ್ಟಿನ ತಂತಿಯನ್ನೂ ಕರೆಂಟಿನ ತಂತಿಯನ್ನೂ ಒಟ್ಟಿಗೆ ಕಿತ್ತೆ. ಅಷ್ಟರಲ್ಲಿ ನಲವತ್ತೇಳು ಜನರ ಪಾದಗಳಿಗೆ ಬೀಗ ಬಿದ್ದಿತ್ತು, ಇನ್ನು ತೆರೆಯುವಂತಿರಲಿಲ್ಲ.

ನನ್ನ ಗಂಡನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪನ ಮುಖ ನೋಡಿಯೂ ಅದು ಇಳಿಯಲಿಲ್ಲ.

“ಇನ್ಮೇಲೆ ಅಪ್ಪ ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ಪಾಸ್‌ವರ್ಡ್ ಹಾಕ್ತೀನಿ,” ಎಂದರು.

ಮಾವ “ಸರಿ” ಎಂದರು.

ಜೀವಮಾನದಲ್ಲಿ ಅವರ ಬಾಯಲ್ಲಿ ಎಷ್ಟೋ ಸರಿ ಕೇಳಿದ್ದೇನೆ. ಅಂದಿನಂಥ ಸರಿ ಕೇಳಿರಲಿಲ್ಲ.

ಮೂರನೆಯ ದಿನ ಗ್ರಂಥಾಲಯದ ಅಕ್ಕ ಬಂದರು. ಊರಿನ ಗ್ರಂಥಾಲಯದಲ್ಲಿ ಸಾರ್ವಜನಿಕರಿಗಿಟ್ಟ ಹನ್ನೆರಡು ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಅವರು. ಬೆಳಗಿನಿಂದ ಸಂಜೆವರೆಗೆ ಅವನ್ನು ಯಾರು ಯಾರೋ ಒತ್ತುತ್ತಾರೆ, ಆದರೂ ಅವು ಕೆಡುವುದಿಲ್ಲ. ಅಕ್ಕನ ಎಡಗಾಲು ಎರಡು ಬೆರಳಷ್ಟು ಗಿಡ್ಡ. ಇಪ್ಪತ್ತು ವರ್ಷದಿಂದ ಮಾವನೇ ಅವರಿಗೆ ಅಟ್ಟೆ ಏರಿಸಿ ಕೊಡುವುದು. ಈ ಸಲ ಅಟ್ಟೆ ಸವೆದಿದೆ ಎಂದು ಬಂದವರಿಗೆ ಅವರ ಪಾದವೂ ಆ ನಲವತ್ತೇಳರಲ್ಲಿ ಹೋಗಿದೆ ಎಂದು ಹೇಳಬೇಕಾಯಿತು. ಹೇಳಿ ತಲೆ ತಗ್ಗಿಸಿದೆ.

ಅಕ್ಕ ಬೈಯಲಿಲ್ಲ. ಕಂಪ್ಯೂಟರ್ ಬಿಚ್ಚಿ ನೋಡಿದರು. ಕಳ್ಳ ಒಂದು ಚೀಟಿಯನ್ನೂ ಬಿಟ್ಟಿದ್ದ, ಹಣ ಕೊಟ್ಟರೆ ಬೀಗದ ಕೈ ಕೊಡುತ್ತೇನೆಂದು. ಕೊಡಬೇಡಿ, ಕೊಟ್ಟವರಿಗೆಲ್ಲ ಬೀಗದ ಕೈ ಸಿಕ್ಕಿಲ್ಲ, ಮೊದಲು ಪೊಲೀಸರಿಗೆ ದೂರು ಕೊಡಿ ಎಂದರು. ಕೊಟ್ಟೆವು. ಉಳಿದ ಇನ್ನೂರ ಅರವತ್ತೈದು ಪಾದಗಳನ್ನು ಅಕ್ಕ ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಅವನ್ನು ಕಿತ್ತು ನನ್ನ ಕೈಗಿಟ್ಟರು. ನಕಲು ಮುಗಿದ ಕೂಡಲೇ ಡಿಸ್ಕನ್ನು ಬಿಚ್ಚಿಡಬೇಕು, ಸಿಕ್ಕಿಸಿಯೇ ಇಟ್ಟರೆ ಕಳ್ಳ ಅದಕ್ಕೂ ಬೀಗ ಹಾಕುತ್ತಾನೆ, ವಾರಕ್ಕೊಮ್ಮೆ ತಪ್ಪದೆ ಮಾಡು ಎಂದು ಹೇಳಿದರು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ನಾನು ಗೊಣಗಿದೆ. ಕೋಟೆ ಇನ್ನೂ ಪೂರ್ತಿ ಸೂರೆ ಹೋಗಿಲ್ಲ, ಹಾಕು ಬಾಗಿಲು ಎಂದರು ಅಕ್ಕ.

ಆಗಲೇ ಅವರ ಕಣ್ಣು ಮೂಲೆಯಲ್ಲಿ ಕೂತಿದ್ದ ಮಾವನ ಮೇಲೆ ಬಿತ್ತು. ಮಾವನ ಕಣ್ಣು ಮಂಜು. ಪಾದದ ನಕ್ಷೆಯನ್ನು ಪರದೆಯ ಮೇಲೆ ತಟ್ಟೆಯಷ್ಟು ದೊಡ್ಡದು ಮಾಡಿ ನೋಡಿ, ಎಲ್ಲಿ ಮೆತ್ತೆ ಎಲ್ಲಿ ಬಿಡುವು ಎಂದು ಹೇಳುವುದು ಅವರ ಕೆಲಸವಾಗಿತ್ತು. ಮೂರು ದಿನದಿಂದ ಆ ಕೆಲಸ ಇಲ್ಲ. ಅವರಿಲ್ಲದೆ ನನ್ನ ಗಂಡ ಹೊಲಿದ ಒಂದು ಜೊತೆ ಶೂ ಅವತ್ತು ಬೆಳಿಗ್ಗೆಯೇ ವಾಪಸ್ಸು ಬಂದಿತ್ತು. ಗಿರಾಕಿ ಬಸ್ ಕಂಡಕ್ಟರು, ಪಾದದ ಸ್ಪರ್ಶ ಹೋದವರು. ಹೆಬ್ಬೆರಳ ಪಕ್ಕ ಗುಳ್ಳೆ ಎದ್ದದ್ದನ್ನು ಅವರ ಹೆಂಡತಿ ನೋಡಿ ಹೇಳಿದ ಮೇಲೇ ಅವರಿಗೆ ಗೊತ್ತಾದದ್ದು. ಅದೃಷ್ಟಕ್ಕೆ ಬೇಗ ಕಣ್ಣಿಗೆ ಬಿತ್ತು.

ಇದನ್ನೆಲ್ಲ ನನ್ನಿಂದ ಕೇಳಿ ಅಕ್ಕ ನನ್ನ ಗಂಡನ ಕಡೆ ತಿರುಗಿದರು.

“ನೀವು ತಡೀಬಾರದವರನ್ನ ತಡೆದಿದ್ದೀರಿ. ಮನುಷ್ಯನನ್ನ ಹೊರಗೆ ಕೂರಿಸಿ, ಪ್ರೋಗ್ರಾಮಿಗೆ ಬಾಗಿಲು ತೆಗೆದೇ ಇಟ್ಟಿದ್ದೀರಿ. ತಡೀಬೇಕಾಗಿರೋದು ಅಜ್ಜನ ಕೈಯನ್ನಲ್ಲ, ಅವರು ಒತ್ತಿದ ಮೇಲೆ ಓಡಿದ್ದನ್ನ. ಅದನ್ನ ತಡೆಯೋಕೆ ಬೇರೆ ಸಾಫ್ಟ್‌ವೇರೇ ಇದೆ.”

ನನ್ನ ಗಂಡ ಬಿಡುವ ಆಸಾಮಿಯಲ್ಲ. ನಮ್ಮ ಕಂಪ್ಯೂಟರಿನಲ್ಲಿ ವೈರಸ್ ಹಿಡಿಯುವ ಸಾಫ್ಟ್‌ವೇರ್ ಇತ್ತಲ್ಲ, ಅದು ಏನು ಮಾಡುತ್ತಿತ್ತು, ನಿದ್ದೆಯೇ ಎಂದು ಕೇಳಿದರು. ಅದರ ಮೇಲೆ ಇನ್ನೊಂದು ಸಾಫ್ಟ್‌ವೇರ್ ತಂದು ಹಾಕಿದರೆ ಮೆತ್ತಗಿದ್ದವನಿಗೆ ಇನ್ನೊಂದು ಗುದ್ದು ಅಂದ ಹಾಗೆ ಹಳೆಯ ಕಂಪ್ಯೂಟರು ಏಳುವುದೇ ಇಲ್ಲ ಎಂದರು.

“ಅದು ಕಳ್ಳರ ಫೋಟೋ ಹಿಡ್ಕೊಂಡು ಬಾಗಿಲಲ್ಲಿ ನಿಂತಿರೋ ಕಾವಲುಗಾರ,” ಎಂದರು ಅಕ್ಕ. “ಫೋಟೋದಲ್ಲಿ ಇರೋನನ್ನ ಹಿಡೀತಾನೆ. ನಿನ್ನೆ ಹುಟ್ಟಿದ ಕಳ್ಳನ ಫೋಟೋ ಅವನ ಹತ್ರ ಇರಲ್ಲ. ನಾನು ಹೇಳ್ತಿರೋನು ಮನೆಯವರ ಪಟ್ಟಿ ಹಿಡ್ಕೊಂಡು ನಿಲ್ತಾನೆ. ಪಟ್ಟಿಯಲ್ಲಿ ಇದ್ರೆ ಒಳಗೆ, ಇಲ್ದಿದ್ರೆ ಹೊರಗೆ. ಕಳ್ಳನೋ ಸಾಧುವೋ ಆಮೇಲೆ ನೋಡೋಣ ಅಂತಾನೆ. ಇಬ್ಬರೂ ಇರಲಿ. ಮೊದಲಿನವನನ್ನ ಕೆಲಸದಿಂದ ತೆಗೀಬೇಡಿ.”

ಗ್ರಂಥಾಲಯದ ಹನ್ನೆರಡು ಕಂಪ್ಯೂಟರುಗಳೂ ಕೆಡದೆ ಇರುವುದಕ್ಕೆ ಮುಖ್ಯ ಕಾರಣ ಈ ಎರಡನೆಯವನು ಎಂದು ಅವರು ಹೇಳಿದರು. ಇಂಥ ಸಾಫ್ಟ್‌ವೇರನ್ನು ಅಪ್ಲಿಕೇಶನ್ ತಡೆ ಎನ್ನುತ್ತಾರೆ. ನಾವು ಒಪ್ಪಿಕೊಂಡ ಪ್ರೋಗ್ರಾಮು ಮಾತ್ರ ಓಡುತ್ತದೆ, ಮಿಕ್ಕಿದ್ದೆಲ್ಲ ನಿಲ್ಲುತ್ತದೆ. ಕೆಲವರ ಕಂಪ್ಯೂಟರಿನಲ್ಲಿ ಇದು ಮೊದಲೇ ಇರುತ್ತದೆ, ಯಾರೂ ಚಾಲೂ ಮಾಡಿರುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಇದ್ದದ್ದನ್ನು ನೋಡಬೇಕು. ನಮ್ಮದು ಹಳೆಯದು, ಅದರಲ್ಲಿ ಇರಲಿಲ್ಲ.

ನಾನು ಅಂದೇ ಹಟ ಹಿಡಿದೆ. ಇನ್ನೂರ ಅರವತ್ತೈದರಲ್ಲಿ ಒಂದು ಕಿರುಬೆರಳೂ ಇನ್ನು ಹೋಗಕೂಡದು. ಮಾವ ಮತ್ತೆ ಆ ಕುರ್ಚಿಯಲ್ಲಿ ಕೂರಬೇಕು. ಎರಡೂ ಆಗುವವರೆಗೆ ನಾನು ಬಿಡುವವಳಲ್ಲ ಎಂದು ಗಂಡನಿಗೆ ಹೇಳಿದೆ. ಅವರು ಅಟ್ಟೆಯ ಮೇಲೆ ಸುತ್ತಿಗೆ ಜೋರಾಗಿ ಕುಟ್ಟಿದರು. ಅದು ನಮ್ಮ ಮನೆಯಲ್ಲಿ ಆಯಿತು ಅನ್ನುವುದರ ಅರ್ಥ.

ಮೊದಲು ಅಕ್ಕ ಕಂಪ್ಯೂಟರನ್ನು ಗ್ರಂಥಾಲಯಕ್ಕೆ ಒಯ್ದು ಪೂರ್ತಿ ಅಳಿಸಿ ಹೊಸದಾಗಿ ಸಜ್ಜು ಮಾಡಿದರು. ಕಳ್ಳ ಒಳಗಿರುವಾಗಲೇ ಮನೆಯವರ ಪಟ್ಟಿ ಬರೆದರೆ ಅವನ ಹೆಸರೂ ಅದರಲ್ಲಿ ಸೇರಿಕೊಳ್ಳುತ್ತದಂತೆ. ಆಮೇಲೆ ನಮ್ಮನ್ನು ಕೂರಿಸಿ, ನೀವು ದಿನಾ ಬಳಸುವ ಪ್ರೋಗ್ರಾಮುಗಳು ಯಾವುವು ಹೇಳಿ ಎಂದರು. ನೂರಾರು ಇರಬಹುದು ಅಂದುಕೊಂಡಿದ್ದೆ. ಬರೆದು ನೋಡಿದರೆ ಏಳು. ನಕ್ಷೆ ನೋಡುವುದು, ಸ್ಕ್ಯಾನ್ ಮಾಡುವುದು, ತೊಗಲು ಕತ್ತರಿಸುವ ಅಚ್ಚು ಬಿಡಿಸುವುದು, ಮುದ್ರಿಸುವುದು, ಪತ್ರ ಬರೆಯುವುದು, ಇಂಟರ್ನೆಟ್ ನೋಡುವುದು. ಏಳನೆಯದು ಇಸ್ಪೀಟು. ಇದನ್ನು ಯಾರು ಆಡುತ್ತಾರೆ ಎಂದು ಅಕ್ಕ ಕೇಳಿದಾಗ ನನ್ನ ಗಂಡ ಸೂರಿನ ಕಡೆ ನೋಡತೊಡಗಿದರು. ಅದನ್ನೂ ಪಟ್ಟಿಗೆ ಸೇರಿಸಿದೆವು, ಪಾಪ.

ಇನ್ನು ಸಾಫ್ಟ್‌ವೇರ್ ಆರಿಸುವುದು. ಮೊದಲನೆಯದನ್ನು ನನ್ನ ಗಂಡನೇ ಆರಿಸಿದರು. ಜಾಹೀರಾತಿನಲ್ಲಿ ಅತಿ ಬಿಗಿ ಭದ್ರತೆ ಎಂದು ಬರೆದಿತ್ತು. ಬಿಗಿಯೇನೋ ಹೌದು. ಸ್ಕ್ಯಾನ್ ಮಾಡುವ ಪ್ರೋಗ್ರಾಮು ತನ್ನ ಹೊಸ ಆವೃತ್ತಿಗೆ ಬದಲಾದ ದಿನ ಅದನ್ನೇ ಹೊರಗೆ ನಿಲ್ಲಿಸಿತು. ಯಾಕೆ ನಿಲ್ಲಿಸಿತು ಎಂದರೆ ಪರದೆಯ ಮೇಲೆ ಬರೀ ಒಂದು ಸಂಖ್ಯೆ, ಹನ್ನೊಂದು ಅಂಕಿಯದು. ಕಂಪನಿಗೆ ಬರೆದು ಕೇಳಿದೆ, ಉತ್ತರ ಬರಲಿಲ್ಲ. ಮೂರನೆಯ ದಿನ ನನ್ನ ಗಂಡ ಅದನ್ನು ಬಂದ್ ಮಾಡಿಯೇ ಬಿಟ್ಟರು.

“ಹೇಳಿದ್ನಲ್ಲ, ಇದು ಆಗೋ ಹೋಗೋ ಕೆಲಸ ಅಲ್ಲ,” ಎಂದರು. ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಆಗ ಮಾತಾಡಿದ್ದು ಮಾವ. ಮೂಲೆಯಿಂದ, ಎಷ್ಟೋ ದಿನದ ಮೇಲೆ.

“ಬಿಗಿಯಾದ ಶೂ ಕೊಟ್ರೆ ಗಿರಾಕಿ ಏನ್ಮಾಡ್ತಾನೆ? ಬಿಚ್ಚಿಟ್ಟು ಬರಿಗಾಲಲ್ಲಿ ನಡೀತಾನೆ. ತಪ್ಪು ಶೂದಲ್ಲ ಕಣೋ. ಕಾಲು ನೋಡ್ದೆ ಕೊಟ್ಟೋನದ್ದು.”

ಆ ಮಾತು ಹಿಡಿದುಕೊಂಡು ನಾನು ಎರಡನೆಯದನ್ನು ಹುಡುಕಲು ಕೂತೆ. ಈ ಸಲ ನಮ್ಮ ಕಾಲು ನೋಡಿ. ತಡೆದಾಗ ಅದು ಯಾವ ಪ್ರೋಗ್ರಾಮು, ಯಾರು ಮಾಡಿದ್ದು, ಎಲ್ಲಿಂದ ಬಂತು ಎಂದು ಓದಿದರೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಕಂಪನಿಗಳು ತಮ್ಮ ಪ್ರೋಗ್ರಾಮಿನ ಮೇಲೆ ಹಾಕುವ ಸಹಿಯನ್ನು ಅದು ಗುರುತು ಹಿಡಿಯಬೇಕು, ಆಗ ಪಟ್ಟಿಯಲ್ಲಿರುವವರು ಹೊಸ ಅಂಗಿ ತೊಟ್ಟು ಬಂದರೂ ಜಗಳವಿಲ್ಲ. ಮೊದಲ ವಾರ ಏನನ್ನೂ ತಡೆಯದೆ, ನಾವು ಬಳಸುವುದನ್ನು ನೋಡಿ ಪಟ್ಟಿ ಮಾಡಿಕೊಳ್ಳಬೇಕು, ಆ ಪಟ್ಟಿಯನ್ನು ನಮಗೆ ತೋರಿಸಬೇಕು. ಏನೇನು ತಡೆದೆ ಎಂದು ಬರೆದಿಡಬೇಕು. ಒಂದು ತಿಂಗಳು ಬಳಸಿ ನೋಡಲು ಬಿಡಬೇಕು, ಶೂ ಹಾಕಿ ನಾಲ್ಕು ಹೆಜ್ಜೆ ನಡೆಯದೆ ಯಾರೂ ಕೊಳ್ಳುವುದಿಲ್ಲವಲ್ಲ. ಕೊಳ್ಳುವ ಮೊದಲೇ ಕಂಪನಿಗೆ ಒಂದು ಪ್ರಶ್ನೆ ಬರೆದು ಉತ್ತರ ಬರುತ್ತದೆಯೇ ನೋಡು ಎಂದು ಅಕ್ಕ ಹೇಳಿಕೊಟ್ಟರು. ಮಾರುವವರ ಮಾತಲ್ಲದೆ, ಪರೀಕ್ಷೆ ಮಾಡಿ ಬರೆಯುವ ಬೇರೆಯವರ ಮಾತನ್ನೂ ಓದಿದೆ. ಕಂಪನಿಯ ವಿಳಾಸವನ್ನು ನನ್ನ ಕೈಯಾರೆ ಟೈಪ್ ಮಾಡಿ, ಅವರ ತಾಣದಿಂದಲೇ ಇಳಿಸಿಕೊಂಡೆ. ಪರದೆಯ ಮೇಲೆ ತಾನಾಗಿ ಎದ್ದು ಬರುವ ಪೆಟ್ಟಿಗೆಯ ಸಹವಾಸ ನಮಗೆ ಸಾಕಾಗಿತ್ತು.

ನಾವೆಲ್ಲ ದಿನದ ಕೆಲಸ ಮಾಡುವುದಕ್ಕೆ ಅಕ್ಕ ಬೇರೆಯೇ ಒಂದು ಖಾತೆ ಮಾಡಿಕೊಟ್ಟರು. ಅದರಲ್ಲಿ ಏನು ಒತ್ತಿದರೂ ಹೊಸ ಪ್ರೋಗ್ರಾಮು ಒಳಗೆ ಬರುವುದಿಲ್ಲ. ಪಟ್ಟಿಗೆ ಹೊಸ ಹೆಸರು ಸೇರಿಸಬೇಕಾದರೆ ಮಾತ್ರ ಒಂದು ಪಾಸ್‌ವರ್ಡ್ ಬೇಕು. ಅದು ಯಾರ ಹತ್ತಿರ ಇರಬೇಕು ಎಂಬಲ್ಲಿ ಮಾತು ನಿಂತಿತು. ನನ್ನ ಗಂಡ ತಮ್ಮ ಹತ್ತಿರ ಎಂದರು. ನಾನು ನನ್ನ ಹತ್ತಿರ ಎಂದೆ. ಮಾವ ತಮ್ಮ ಪಾಡಿಗೆ ಅಟ್ಟೆಯ ದಾರಕ್ಕೆ ಮೇಣ ಉಜ್ಜುತ್ತಿದ್ದರು.

“ನಾವು ಅಟ್ಟೆ ಹೊಲಿಯೋದು ಹೇಗೆ?” ಎಂದು ಕೇಳಿದರು.

ಅದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ದಾರ ಒಂದೇ, ಅದರ ಎರಡು ತುದಿಗೂ ಸೂಜಿ. ಒಂದೇ ತೂತಿನಲ್ಲಿ ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ. ಒಂದು ಹೊಲಿಗೆ ಕಿತ್ತರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ.

“ಪಾಸ್‌ವರ್ಡಿಗೂ ಎರಡು ಸೂಜಿ ಹಾಕಿ,” ಎಂದರು ಮಾವ. “ಅರ್ಧ ಒಬ್ಬರ ಹತ್ರ, ಅರ್ಧ ಇನ್ನೊಬ್ಬರ ಹತ್ರ.”

ಅಕ್ಕ ಮಾವನನ್ನೇ ನೋಡಿದರು. ದೊಡ್ಡ ದೊಡ್ಡ ಕಡೆಯೂ ಇದನ್ನೇ ಮಾಡುತ್ತಾರೆ ಅಜ್ಜಾ ಎಂದರು. ಮೊದಲ ಅರ್ಧ ನನಗೆ, ಎರಡನೆಯ ಅರ್ಧ ಮಾವನಿಗೆ ಎಂದು ಅಕ್ಕನೇ ತೀರ್ಮಾನಿಸಿದರು. ನನ್ನ ಗಂಡ ಹುಬ್ಬು ಗಂಟಿಕ್ಕಿದರು. ಎಲ್ಲದಕ್ಕೂ ಸರಿ ಅನ್ನುವವರ ಕೈಗೇ ಬೀಗದ ಕೈ ಕೊಡುವುದೇ ಎಂದು ಅಕ್ಕನನ್ನು ಕೇಳಿಯೇಬಿಟ್ಟರು.

“ಈ ಮನೇಲಿ ಅವಸರ ಇಲ್ಲದೋರು ಅವರೊಬ್ಬರೇ,” ಎಂದರು ಅಕ್ಕ. “ಅವತ್ತು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಹೇಳಿಕೊಟ್ಟಿದ್ದೀವಿ. ತಿಳಿದೋರು ಮತ್ತೆ ಎಡವಲ್ಲ.”

ಮಾವ ಮತ್ತೆ ಕುರ್ಚಿಯಲ್ಲಿ ಕೂತರು. ಬೀಗ ಬಿದ್ದ ನಲವತ್ತೇಳು ಜನರಿಗೆ ಒಬ್ಬೊಬ್ಬರಿಗೂ ಹೇಳಿಕಳಿಸಿದೆವು. ಮಾವ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನಡುಗುವ ಬೆರಳಿನಿಂದಲೇ ಒತ್ತಿ ನೋಡುತ್ತಾ ಹೇಳುತ್ತಿದ್ದರು, ನಾನು ಗೆರೆ ಎಳೆದು ಬರೆಯುತ್ತಿದ್ದೆ. ಒಂದು ಜೊತೆ ಪಾದಕ್ಕೆ ಅರ್ಧ ದಿನ ಹಿಡಿಯಿತು. ಗ್ರಂಥಾಲಯದ ಅಕ್ಕನದೇ ಮೊದಲನೆಯದು. ಮೂವತ್ತೊಂದು ಜನ ಬಂದರು. ಉಳಿದ ಹದಿನಾರು ಜನ ಊರು ಬಿಟ್ಟವರು, ತೀರಿಕೊಂಡವರು, ಸುದ್ದಿಯೇ ಸಿಗದವರು. ಇನ್ನೂರ ಅರವತ್ತೈದೂ ಹೋಗಿದ್ದರೆ ಮಾವನ ಆಯುಷ್ಯ ಸಾಲುತ್ತಿರಲಿಲ್ಲ.

ಐದು ತಿಂಗಳು ಏನೂ ಆಗಲಿಲ್ಲ. ಏನೂ ಆಗದಿದ್ದರೆ ಮನುಷ್ಯನಿಗೆ ಧೈರ್ಯ ಬರುತ್ತದೆ, ಅದು ಒಳ್ಳೆಯ ಧೈರ್ಯವಲ್ಲ.

ಒಂದು ಬೆಳಿಗ್ಗೆ, ನಮ್ಮಲ್ಲಿಗೆ ಆಗಾಗ ರೋಗಿಗಳನ್ನು ಕಳಿಸುವ ಆಸ್ಪತ್ರೆಯ ಹೆಸರಿನಲ್ಲಿ ನಮಗೊಂದು ಮಿಂಚಂಚೆ ಬಂತು. ನಲವತ್ತು ರೋಗಿಗಳಿಗೆ ಶೂ ಬೇಕು, ಪಾದಗಳ ಅಳತೆ ಇದರ ಜೊತೆಗಿದೆ, ತೆರೆದು ನೋಡಿ ಮಧ್ಯಾಹ್ನದೊಳಗೆ ಒಪ್ಪಿಗೆ ತಿಳಿಸಿ ಎಂದಿತ್ತು. ನಲವತ್ತು ಜೊತೆ ಎಂದರೆ ನಮಗೆ ಅರ್ಧ ವರ್ಷದ ಕೆಲಸ. ನನ್ನ ಗಂಡ ಕೈಯಲ್ಲಿದ್ದ ತೊಗಲನ್ನು ಕೆಳಗಿಟ್ಟು ಓಡಿಬಂದು ತೆರೆದರು. ಪರದೆಯ ಮೇಲೆ ಹಳದಿ ಪೆಟ್ಟಿಗೆ ಬಂತು. ‘ಇದು ಚಿತ್ರವಲ್ಲ, ಪ್ರೋಗ್ರಾಮು. ನಿಮ್ಮ ಪಟ್ಟಿಯಲ್ಲಿ ಇಲ್ಲ. ಮಾಡಿದವರ ಸಹಿ ಇಲ್ಲ. ಮಿಂಚಂಚೆಯ ಜೊತೆ ಬಂದಿದೆ. ಓಡದಂತೆ ತಡೆದಿದ್ದೇವೆ.’ ಕೆಳಗೆ ಎರಡು ಗುಂಡಿ, ತಡೆ ಮತ್ತು ಅನುಮತಿ. ಅನುಮತಿಗೆ ಮಾತ್ರ ಪಾಸ್‌ವರ್ಡ್ ಬೇಕು.

“ನೋಡು, ಬಂದ ಕೆಲಸಾನೂ ಓಡಿಸ್ತಿದೆ ಇದು,” ಎಂದರು ನನ್ನ ಗಂಡ. “ಆಸ್ಪತ್ರೆಯೋರು ಕಳಿಸಿದ್ದಕ್ಕೆ ಏನಾಗುತ್ತೆ? ಹಾಕು ನಿನ್ನ ಅರ್ಧ. ಮಧ್ಯಾಹ್ನದೊಳಗೆ ಹೇಳ್ಬೇಕಂತೆ.”

ನಾಚಿಕೆ ಬಿಟ್ಟು ಹೇಳುತ್ತೇನೆ, ಇಷ್ಟೆಲ್ಲ ಕಲಿತ ನಾನೇ ನನ್ನ ಅರ್ಧವನ್ನು ಟೈಪ್ ಮಾಡಿದೆ. ನಲವತ್ತು ಜೊತೆ ಶೂ ಕಣ್ಣ ಮುಂದೆ ಸಾಲಾಗಿ ನಿಂತಿದ್ದವು. ಕೈ ತಾನಾಗಿ ಹೋಯಿತು.

ನನ್ನ ಗಂಡ ಮಾವನನ್ನು ಕರೆದರು. ಮಾವ ಮೆಲ್ಲಗೆ ಬಂದು, ಮಗನ ಹೆಗಲ ಮೇಲಿಂದ ಬಗ್ಗಿ, ಪೆಟ್ಟಿಗೆಯನ್ನು ತಟ್ಟೆಯಷ್ಟು ದೊಡ್ಡದು ಮಾಡಿಸಿ ಓದಿದರು. ಒಂದು ಸಲ ಅಲ್ಲ, ಮೂರು ಸಲ. ನನ್ನ ಗಂಡ ಕೀಬೋರ್ಡನ್ನು ಅವರ ಮುಂದೆ ತಳ್ಳಿ, ಬೇಗ ಅಪ್ಪಾ ಎಂದರು.

“ಸರಿ,” ಎಂದರು ಮಾವ.

ಆಗ ನನಗೆ ಬುದ್ಧಿ ಬಂತು. ಬೇಡ ಮಾವ ಎಂದು ಕೀಬೋರ್ಡನ್ನು ಹಿಂದಕ್ಕೆಳೆಯಲು ಕೈ ಚಾಚಿದೆ. ನನ್ನ ಗಂಡ ಇನ್ನೂ ಕುರ್ಚಿಯಲ್ಲೇ ಕೂತಿದ್ದರು.

“ಸರಿ ಅಂದ್ನಲ್ಲೋ,” ಎಂದರು ಮಾವ ಮತ್ತೆ, ಮಗನ ಭುಜಕ್ಕೆ ಕೈ ಹಚ್ಚಿ. “ಪಕ್ಕಕ್ಕೆ ಸರಿ. ತಡೆ ಗುಂಡಿ ನಾನು ಒತ್ಬೇಕು.”

ನನ್ನ ಗಂಡ ಸರಿದರು. ಮಾವನ ಬೆರಳು ನಡುಗುತ್ತಿತ್ತು. ಮೊದಲ ಸಲ ಬಾಣದ ಗುರುತು ಗುಂಡಿಯ ಆಚೆ ಹೋಯಿತು, ಎರಡನೆಯ ಸಲ ಈಚೆ ನಿಂತಿತು. ನಾವಿಬ್ಬರೂ ಕೈ ನೀಡಲಿಲ್ಲ. ಮೂರನೆಯ ಸಲ ತಡೆ ಬಿತ್ತು. ಪೆಟ್ಟಿಗೆ ಮಾಯವಾಯಿತು.

“ನಿಜವಾದ ಗಿರಾಕಿ ಆದ್ರೆ ಕಾಯ್ತಾನೆ,” ಎಂದರು ಮಾವ. “ಫೋನ್ ಮಾಡಿ ಕೇಳಿ. ಅದ್ರಲ್ಲಿರೋ ನಂಬರಿಗಲ್ಲ, ನಮ್ಮ ಪುಸ್ತಕದಲ್ಲಿರೋ ನಂಬರಿಗೆ.”

ಕೇಳಿದೆವು. ಆಸ್ಪತ್ರೆಯವರು ನಮಗೆ ಏನನ್ನೂ ಕಳಿಸಿರಲಿಲ್ಲ. ಯಾರೋ ಅವರ ಹೆಸರು ಹೇಳಿಕೊಂಡು ಬಂದಿದ್ದರು. ಫೋನ್ ಇಟ್ಟ ನನ್ನ ಗಂಡ ಅಪ್ಪನಿಗೆ ಕುರ್ಚಿ ಎಳೆದು ಕೊಟ್ಟರು. ಕ್ಷಮಿಸಿ ಅನ್ನುವ ಮಾತು ನಮ್ಮ ಮನೆಯ ಗಂಡಸರ ಬಾಯಲ್ಲಿ ಬರುವುದಿಲ್ಲ, ಕುರ್ಚಿ ಎಳೆಯುವುದೇ ಅದು. ಮಾವ ಕೂತು, ಪಾದಗಳೆಲ್ಲ ಇವೆಯಾ ನೋಡಮ್ಮಾ ಎಂದರು. ನೋಡಿದೆ. ಇನ್ನೂರ ಅರವತ್ತೈದು, ಹೊಸದಾಗಿ ಬರೆದ ಮೂವತ್ತೊಂದು. ಒಂದು ಕಿರುಬೆರಳೂ ಹೋಗಿರಲಿಲ್ಲ. ಸರಿ, ಕಂಡಕ್ಟರದ್ದು ತೆಗಿ, ಅವರ ಎಡಗಾಲಿಗೆ ಮೆತ್ತೆ ಹಾಕಬೇಕು ಎಂದು ಅವರು ಕೆಲಸಕ್ಕೆ ತೊಡಗಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ನನ್ನದೊಂದು ಮಾತು. ನಿಮ್ಮ ಕಂಪ್ಯೂಟರಿನಲ್ಲಿ ಪಾದಗಳಿಲ್ಲದಿರಬಹುದು. ಮಕ್ಕಳ ಫೋಟೋ ಇರುತ್ತದೆ, ಮನೆಯ ಪತ್ರಗಳಿರುತ್ತವೆ, ಮತ್ತೆ ಬರೆಯಲಾಗದ ಏನೋ ಒಂದು ಇದ್ದೇ ಇರುತ್ತದೆ. ಇವತ್ತೇ ಒಂದು ಚೀಟಿ ತೆಗೆದುಕೊಂಡು ನೀವು ನಿಜವಾಗಿ ಬಳಸುವ ಪ್ರೋಗ್ರಾಮುಗಳನ್ನು ಬರೆಯಿರಿ. ನಿಮ್ಮ ಕಂಪ್ಯೂಟರಿನಲ್ಲೇ ಅಪ್ಲಿಕೇಶನ್ ತಡೆ ಇದೆಯೇ ಎಂದು ತಿಳಿದವರನ್ನು ಕೇಳಿ, ಇದ್ದರೆ ಚಾಲೂ ಮಾಡಿಸಿ. ಕೊಳ್ಳುವುದಾದರೆ ಜಾಹೀರಾತಿನ ದೊಡ್ಡ ಮಾತು ನೋಡಬೇಡಿ, ನಿಮ್ಮ ಕಾಲು ನೋಡಿ. ಯಾಕೆ ತಡೆದೆ ಎಂದು ನಿಮಗೆ ಅರ್ಥವಾಗುವಂತೆ ಹೇಳದ ಸಾಫ್ಟ್‌ವೇರ್ ಎಷ್ಟೇ ಬಿಗಿಯಾಗಿದ್ದರೂ ಬೇಡ, ಮೂರು ದಿನದಲ್ಲಿ ನೀವೇ ಬಂದ್ ಮಾಡಿಬಿಡುತ್ತೀರಿ. ಅದು ಬಂತೆಂದು ವಾರದ ನಕಲನ್ನು ಬಿಡಬೇಡಿ, ವೈರಸ್ ಹಿಡಿಯುವುದನ್ನು ತೆಗೆಯಬೇಡಿ. ಫೋನಿನಲ್ಲಿ ಯಾರಾದರೂ ನಿಮ್ಮ ಗುಟ್ಟಿನ ಸಂಖ್ಯೆ ಕೇಳಿದರೆ ಇದು ಕಾಪಾಡುವುದಿಲ್ಲ, ಅಲ್ಲಿ ನಿಮ್ಮ ಬಾಯಿಗೆ ನೀವೇ ತಡೆ. ಅನುಮತಿ ಕೊಡುವ ಪಾಸ್‌ವರ್ಡನ್ನು ಇಬ್ಬರು ಹಂಚಿಕೊಳ್ಳಿ, ಒಬ್ಬರು ಮನೆಯಲ್ಲಿ ಅವಸರವೇ ಇಲ್ಲದವರಾಗಿರಲಿ. ವಯಸ್ಸಾದವರೆಂದು ಅವರನ್ನು ಕುರ್ಚಿಯಿಂದ ಏಳಿಸಬೇಡಿ.

ಗುರುತಿಲ್ಲದ ಪೆಟ್ಟಿಗೆಯೊಂದು ಪರದೆಯ ಮೇಲೆ ಎದ್ದು ನಿಂತು ಸರಿ ಅನ್ನಿ ಎಂದಾಗ, ನೀವೂ ಧಾರಾಳವಾಗಿ ಸರಿ ಅನ್ನಿ. ಆದರೆ ನಮ್ಮ ಮಾವ ಹೇಳಿದ ಎರಡನೇ ಸರಿ ಹೇಳಿ. ಪಕ್ಕಕ್ಕೆ ಸರಿ.